ಹಬ್ಬದ ಇರುಳಿನಲ್ಲಿ ಕೊಲೆಯ ಕಥೆ: ಕ್ರಿಸ್ಮಸ್ ಚಿತ್ರಗಳೂ ಘಟಪ್ರಭಾ ಸೀಮೆಯ ಆಟಗಳೂ

೧

ಹಬ್ಬವೆಂದರೆ ಸಂತೋಷಕ್ಕೆ ಮೀಸಲಾದ ದಿನವೆಂಬುದು ಸರ್ವರ ತಿಳಿವಳಿಕೆ. ಆದರೆ ಹಬ್ಬದ ಇರುಳಿನಲ್ಲಿ ಜನರು ಎಂತಹ ಕಥೆಯನ್ನು ಕೇಳಲು ಬಯಸುತ್ತಾರೆ, ಎಂತಹ ಆಟವನ್ನು ನೋಡಲು ನಿದ್ದೆಗೆಡುತ್ತಾರೆ ಎಂಬುದನ್ನು ಪರಿಶೀಲಿಸಿದರೆ ಈ ತಿಳಿವಳಿಕೆ ಅರ್ಧಸತ್ಯವೆಂದು ತೋರದಿರದು. ಹೋಳಿಗೆಯುಂಡು, ಹೊಸ ಬಟ್ಟೆಯುಟ್ಟು, ಮಕ್ಕಳು ಮರಿಗಳೊಡನೆ ಕುಳಿತ ಜನಸಮೂಹವು ಒಬ್ಬ ಮನುಷ್ಯನು ಇನ್ನೊಬ್ಬನನ್ನು ಕೊಲ್ಲುವ ಕಥೆಯನ್ನು ಬೆಳಗಾಗುವವರೆಗೆ ನೋಡಿ ತೃಪ್ತಿಯಿಂದ ಮನೆಗೆ ಮರಳುವುದುಂಟು. ಇದು ನಮ್ಮ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಕ್ರಿಸ್ಮಸ್ ಹಬ್ಬವನ್ನೇ ಹಿನ್ನೆಲೆಯಾಗಿಟ್ಟುಕೊಂಡ ಕೊಲೆಯ ಚಲನಚಿತ್ರಗಳು ಒಂದು ಪ್ರತ್ಯೇಕ ಜಾತಿಯಾಗಿ ಬೆಳೆದಿವೆ. ಅವನ್ನು ಅಲ್ಲಿಯವರು ‘ಸ್ಲ್ಯಾಷರ್’ ಎಂದು ಕರೆಯುತ್ತಾರೆ. ಮುಖ ಕಾಣದ ಅಥವಾ ವೇಷ ಮರೆಸಿಕೊಂಡ ಕೊಲೆಗಾರನೊಬ್ಬನು ಹರಿತವಾದ ಆಯುಧದಿಂದ ಒಬ್ಬರಾದ ಮೇಲೊಬ್ಬರನ್ನು ಕೊಲ್ಲುತ್ತ ಹೋಗುವ ಕಥೆಯುಳ್ಳ ಇವನ್ನು ನಾವು ‘ಸರಣಿಕೊಲೆಯ ಚಿತ್ರ’ಗಳೆನ್ನಬಹುದು.

ಇಂತಹ ಚಿತ್ರಗಳ ಆಕರ್ಷಣೆ ಯಾವುದು, ಅವುಗಳ ಕೊರತೆ ಯಾವುದು ಎಂಬ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ಎತ್ತಿಕೊಂಡಿದ್ದೇವೆ. ಆದರೆ ಅವನ್ನು ಕೇವಲ ಪರದೇಶದ ವಿಚಿತ್ರವೆಂದು ದೂರದಿಂದ ನೋಡಿ ತೀರ್ಪು ಕೊಡುವುದು ಇತಿಹಾಸದ ಅಭ್ಯಾಸಿಗಳಿಗೆ ತಕ್ಕದ್ದಲ್ಲ. ಹಿಡಕಲ್ಲಿನ ಜಲಾಶಯದಿಂದ ಗೋಕಾಕದ ಜಲಪಾತದವರೆಗೆ, ಅಲ್ಲಿಂದ ಮುಧೋಳದವರೆಗೆ ಘಟಪ್ರಭೆಯು ಹರಿಯುವ ಈ ಸೀಮೆಯಲ್ಲಿಯೂ ಹಬ್ಬಕ್ಕೂ ಕೊಲೆಯ ಕಥೆಗೂ ಹಳೆಯ ನಂಟಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಇನ್ನೊಂದರ ಮೇಲೆ ಬೆಳಕು ಚೆಲ್ಲುವುದೆಂಬುದು ನಮ್ಮ ನಂಬಿಕೆ.

೨

ಮೊದಲು ಕ್ರಿಸ್ಮಸ್ಸಿನ ವಿಷಯ. ಯೇಸುವಿನ ಜನನದ ಕಥೆಯ ಒಳಗೇ ಒಂದು ಘೋರವಾದ ಕೊಲೆಯ ಪ್ರಸಂಗವಿದೆ. ಮತ್ತಾಯನ ಸುವಾರ್ತೆಯ ಪ್ರಕಾರ ಹೆರೋದನೆಂಬ ಅರಸನು ತನಗೆ ಪ್ರತಿಸ್ಪರ್ಧಿ ಹುಟ್ಟಿದನೆಂದು ಹೆದರಿ ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡು ಶಿಶುಗಳನ್ನೆಲ್ಲ ಕೊಲ್ಲಿಸಿದನು. ಪಶ್ಚಿಮದ ಚರ್ಚು ಈ ಶಿಶುಗಳ ಸ್ಮರಣೆಯನ್ನು ಡಿಸೆಂಬರ್ ೨೮ರಂದು, ಎಂದರೆ ಕ್ರಿಸ್ಮಸ್ಸಿನ ಸಂಭ್ರಮವು ಇನ್ನೂ ಮುಗಿಯದಿರುವಾಗಲೇ ಆಚರಿಸುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊರಿನ ಕಸುಬಿನ ಸಂಘಗಳವರು ಬೀದಿಯಲ್ಲಿ ಆಡುತ್ತಿದ್ದ ಧಾರ್ಮಿಕ ಆಟಗಳಲ್ಲಿ ಹೆರೋದನ ಅಬ್ಬರವೂ ತಾಯಂದಿರ ಗೋಳೂ ಜನಪ್ರಿಯವಾದ ಭಾಗಗಳಾಗಿದ್ದವು. ನಮ್ಮ ದೊಡ್ಡಾಟದ ರಾಕ್ಷಸಪಾತ್ರದ ಆರ್ಭಟವನ್ನು ಬಲ್ಲವರಿಗೆ ಆ ಹೆರೋದನ ಸ್ವರೂಪವನ್ನು ಊಹಿಸುವುದು ಕಷ್ಟವಲ್ಲ.

ಇದಲ್ಲದೆ, ಉತ್ತರದ ಆ ದೇಶಗಳಲ್ಲಿ ಕ್ರಿಸ್ಮಸ್ ಬರುವುದು ವರ್ಷದ ಅತಿ ದೀರ್ಘವಾದ ಇರುಳುಗಳ ಕಾಲದಲ್ಲಿ. ಹೊರಗೆ ಹಿಮ, ಒಳಗೆ ಬೆಂಕಿಯ ಸುತ್ತ ಕುಳಿತ ಕುಟುಂಬ. ಇಂತಹ ಹೊತ್ತಿನಲ್ಲಿ ದೆವ್ವದ ಕಥೆ ಹೇಳುವ ರೂಢಿ ಇಂಗ್ಲೆಂಡಿನಲ್ಲಿ ಬಲವಾಗಿತ್ತು. ಚಾರ್ಲ್ಸ್ ಡಿಕನ್ಸನು ೧೮೪೩ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಕ್ರಿಸ್ಮಸ್ ಕಥೆಯಲ್ಲಿ ಲೋಭಿಯ ಮನಸ್ಸನ್ನು ತಿರುಗಿಸುವವು ಪ್ರೇತಗಳೇ. ಕೇಂಬ್ರಿಜ್ಜಿನ ವಿದ್ವಾಂಸನಾದ ಎಂ. ಆರ್. ಜೇಮ್ಸನು ಕ್ರಿಸ್ಮಸ್ಸಿನ ಸಮಯದಲ್ಲಿ ತನ್ನ ಗೆಳೆಯರಿಗೆ ಸ್ವತಃ ರಚಿಸಿದ ಭೂತದ ಕಥೆಗಳನ್ನು ಓದಿ ಹೇಳುತ್ತಿದ್ದನು. ಆದುದರಿಂದ ಹಬ್ಬವನ್ನೂ ಭಯವನ್ನೂ ಜೋಡಿಸಿದ ಕೀರ್ತಿಯನ್ನಾಗಲಿ ಅಪಕೀರ್ತಿಯನ್ನಾಗಲಿ ಚಲನಚಿತ್ರದವರಿಗೇ ಸಲ್ಲಿಸುವಂತಿಲ್ಲ.

ಚಲನಚಿತ್ರದಲ್ಲಿ ಈ ಪರಂಪರೆ ಹೊಸ ರೂಪವನ್ನು ತಾಳಿದುದು ೧೯೭೦ರ ದಶಕದಲ್ಲಿ. ೧೯೭೨ರ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ಎಂಬ ಬ್ರಿಟಿಷ್ ಚಿತ್ರದ ಒಂದು ಭಾಗದಲ್ಲಿ, ಹಬ್ಬದ ಹಿಂದಿನ ರಾತ್ರಿ ಗಂಡನನ್ನು ಕೊಂದ ಹೆಂಗಸೊಬ್ಬಳ ಮನೆಯ ಸುತ್ತ ಸಾಂತಾಕ್ಲಾಸನ ವೇಷದ ಹಂತಕನೊಬ್ಬನು ಸುಳಿದಾಡುತ್ತಾನೆ. ಕಡೆಗೆ ಅವಳ ಪುಟ್ಟ ಮಗಳೇ ಉಡುಗೊರೆಯ ಅಜ್ಜನು ಬಂದನೆಂದು ನಂಬಿ ಬಾಗಿಲು ತೆರೆಯುತ್ತಾಳೆ. ೧೯೭೪ರಲ್ಲಿ ಬಾಬ್ ಕ್ಲಾರ್ಕನು ಕೆನಡಾದಲ್ಲಿ ನಿರ್ಮಿಸಿದ ‘ಬ್ಲ್ಯಾಕ್ ಕ್ರಿಸ್ಮಸ್’ ಈ ಜಾತಿಯ ಮೂಲಮಾದರಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿನಿಯರ ವಸತಿಗೃಹ, ಅಲ್ಲಿಗೆ ಬರುವ ಅಶ್ಲೀಲವಾದ ದೂರವಾಣಿ ಕರೆಗಳು, ಆ ಕರೆಗಳು ಅದೇ ಮನೆಯೊಳಗಿಂದಲೇ ಬರುತ್ತಿವೆಯೆಂಬ ಕೊನೆಯ ಅರಿವು. ಇದು ಅದರ ಹಂದರ. ೧೯೭೮ರ ‘ಹ್ಯಾಲೋವೀನ್’ ಚಿತ್ರವು ಅಪಾರವಾದ ಲಾಭ ಗಳಿಸಿದ ಮೇಲೆ ನಿರ್ಮಾಪಕರು ಪಂಚಾಂಗವನ್ನು ಹಿಡಿದು ಕುಳಿತವರಂತೆ ಒಂದೊಂದು ಹಬ್ಬಕ್ಕೂ ಒಂದೊಂದು ಕೊಲೆಯ ಕಥೆಯನ್ನು ಕಟ್ಟತೊಡಗಿದರು. ಹೊಸ ವರ್ಷದ ರಾತ್ರಿಯಾಗಲಿ, ಪ್ರೇಮಿಗಳ ದಿನವಾಗಲಿ ಉಳಿಯಲಿಲ್ಲ. ಕ್ರಿಸ್ಮಸ್ಸಿಗೆ ೧೯೮೦ರಲ್ಲಿ ‘ಕ್ರಿಸ್ಮಸ್ ಈವಿಲ್’, ೧೯೮೪ರಲ್ಲಿ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಬಂದವು. ಈ ಧಾರೆ ಇನ್ನೂ ಬತ್ತಿಲ್ಲ: ೨೦೨೪ರ ‘ಟೆರಿಫೈಯರ್ ೩’ ಚಿತ್ರದಲ್ಲಿ ವಿದೂಷಕನ ಮುಖದ ಕೊಲೆಗಾರನು ಸಾಂತಾಕ್ಲಾಸನ ಉಡುಪನ್ನು ತೊಡುತ್ತಾನೆ.

೩

ಇವುಗಳ ಆಕರ್ಷಣೆಯ ಕಾರಣಗಳನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ನಾಲ್ಕು ಕಾಣುತ್ತವೆ.

ಮೊದಲನೆಯದು ವೈದೃಶ್ಯ. ಬಿಳಿಯ ಗೋಡೆಯ ಮೇಲಿನ ಕಪ್ಪು ಕಲೆ ಬೇಗ ಕಣ್ಣಿಗೆ ಬೀಳುವಂತೆ, ದೀಪಾಲಂಕಾರ, ಸ್ತುತಿಗೀತೆ, ಮಕ್ಕಳ ನಗೆಗಳ ನಡುವೆ ನಡೆಯುವ ಕೊಲೆ ಇಮ್ಮಡಿ ಭೀಕರವಾಗಿ ತೋರುತ್ತದೆ. ಪ್ರೇಕ್ಷಕನಿಗೆ ಹಬ್ಬದ ಪ್ರತಿಯೊಂದು ಚಿಹ್ನೆಯೂ ಪರಿಚಿತವಾದುದರಿಂದ ಕಥೆಗಾರನು ಹೆಚ್ಚು ವಿವರಿಸಬೇಕಾಗಿಲ್ಲ. ಪರಿಚಿತವಾದುದನ್ನು ಸ್ವಲ್ಪ ಓರೆಮಾಡಿದರೆ ಸಾಕು.

ಎರಡನೆಯದು, ಹಬ್ಬದ ಒಳಗೇ ಅಡಗಿರುವ ಅಳುಕು. ಸಾಂತಾಕ್ಲಾಸನ ಕಲ್ಪನೆಯನ್ನು ಒಂದು ಕ್ಷಣ ಮಕ್ಕಳ ಕಣ್ಣಿನಿಂದ ನೋಡೋಣ. ಗುರುತಿಲ್ಲದ ಮುದುಕನೊಬ್ಬನು ಎಲ್ಲರೂ ಮಲಗಿದ ಮೇಲೆ ಮನೆಯೊಳಗೆ ಬರುತ್ತಾನೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದು ಅವನಿಗೆ ಗೊತ್ತು. ಒಳ್ಳೆಯವರಿಗೆ ಉಡುಗೊರೆ, ಕೆಟ್ಟವರಿಗೆ? ಈ ಪ್ರಶ್ನೆಗೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ; ಕೊಲೆಯ ಚಿತ್ರವು ಉತ್ತರ ಹೇಳುತ್ತದೆ. ‘ಕ್ರಿಸ್ಮಸ್ ಈವಿಲ್’ ಚಿತ್ರದ ನಾಯಕನು ಆಟಿಕೆಯ ಕಾರ್ಖಾನೆಯ ನೌಕರ. ನೆರೆಯ ಮಕ್ಕಳ ಗುಣದೋಷಗಳನ್ನು ಪಟ್ಟಿಮಾಡಿ ಇಟ್ಟುಕೊಳ್ಳುವ ಅವನ ಹುಚ್ಚು, ಹಬ್ಬದ ನೀತಿಯನ್ನೇ ಅಕ್ಷರಶಃ ನಂಬಿದವನ ಹುಚ್ಚು.

ಮೂರನೆಯದು, ಹಬ್ಬವು ಎಲ್ಲರಿಗೂ ಸುಖವನ್ನು ತರುವುದಿಲ್ಲವೆಂಬ ಸತ್ಯ. ಆ ದಿನ ಎಲ್ಲರೂ ನಗಬೇಕೆಂಬ ಸಾಮಾಜಿಕ ಒತ್ತಾಯವಿರುತ್ತದೆ. ತಂದೆತಾಯಿಯನ್ನು ಕಳೆದುಕೊಂಡವನು, ಮನೆಯಿಲ್ಲದವನು, ಮನೆಯಿದ್ದೂ ಮನಸ್ತಾಪದಲ್ಲಿರುವವನು ಹಬ್ಬದಂದೇ ತನ್ನ ಕೊರತೆಯನ್ನು ತೀವ್ರವಾಗಿ ಅನುಭವಿಸುತ್ತಾನೆ. ಒಳ್ಳೆಯ ಚಿತ್ರಗಳು ಈ ಬಾಯಿಬಿಡಲಾರದ ಸಂಕಟಕ್ಕೆ ಒಂದು ರೂಪ ಕೊಡುತ್ತವೆ.

ನಾಲ್ಕನೆಯದು, ಕೂಡಿ ಹೆದರುವ ಸುಖ. ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸಗಳೂ ಸೇರಿವೆ ಎಂಬುದು ಸುಪರಿಚಿತ. ಲೋಕದಲ್ಲಿ ದುಃಖಕರವಾದ ಭಯವು ರಂಗದಲ್ಲಿ ಆಸ್ವಾದ್ಯವಾಗುವುದು ನೋಡುವವನು ತಾನು ಕ್ಷೇಮವೆಂದು ಬಲ್ಲವನಾದುದರಿಂದ. ಅನೇಕರು ಒಟ್ಟಿಗೆ ಕುಳಿತು ಒಟ್ಟಿಗೆ ಬೆಚ್ಚಿ, ಮರುಕ್ಷಣವೇ ತಮ್ಮ ಅಂಜಿಕೆಗೆ ತಾವೇ ನಗುವುದು ಹಬ್ಬದ ಕೂಡುಬಾಳಿಗೆ ಹೊಂದಿಕೊಳ್ಳುವಂಥದೇ ಆಗಿದೆ. ಇಂತಹ ಚಿತ್ರಗಳಲ್ಲಿ ಸಾಮಾನ್ಯವಾಗಿ ಕೊನೆಯವರೆಗೆ ಉಳಿದು ಹಂತಕನನ್ನು ಎದುರಿಸುವವಳು ಒಬ್ಬ ತರುಣಿ. ಅಮೇರಿಕೆಯ ವಿದುಷಿ ಕ್ಯಾರಲ್ ಕ್ಲೋವರ್ ೧೯೮೭ರಲ್ಲಿ ಇವಳಿಗೆ ‘ಕೊನೆಯ ಹುಡುಗಿ’ ಎಂಬ ಅರ್ಥದ ಹೆಸರನ್ನು ಕೊಟ್ಟು, ಗಂಡು ಪ್ರೇಕ್ಷಕರೂ ಅವಳೊಡನೆ ತಾದಾತ್ಮ್ಯ ಹೊಂದುತ್ತಾರೆಂಬುದನ್ನು ವಿವೇಚಿಸಿದರು.

೪

ಈಗ ನಮ್ಮ ಸೀಮೆಗೆ ಬರೋಣ. ಮರಣವನ್ನೂ ಯುದ್ಧವನ್ನೂ ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂಬುದು ಭರತನ ನಿಯಮ. ಈ ನಿಯಮವನ್ನು ಎಲ್ಲರೂ ಪಾಲಿಸಲಿಲ್ಲ. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುತ್ತಾನೆ. ಜನಪದ ರಂಗಭೂಮಿಯಂತೂ ಈ ನಿಷೇಧವನ್ನು ಕೇಳಿದ್ದೇ ಇಲ್ಲವೆನ್ನಬೇಕು. ಬಯಲಾಟಗಳಲ್ಲಿ ರಾಕ್ಷಸವಧೆಯೇ ಕಥೆಯ ತುದಿ.

ಹಬ್ಬವೂ ಕೊಲೆಯೂ ಒಂದೇ ಎಳೆಯಲ್ಲಿ ಹೆಣೆದುಕೊಂಡ ಅತ್ಯುತ್ತಮ ನಿದರ್ಶನವು ಕನ್ನಡದಲ್ಲಿ ಎಂಟು ಶತಮಾನಗಳ ಹಿಂದೆಯೇ ರಚಿತವಾಗಿದೆ. ಜನ್ನನು ೧೨೦೯ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ಆರಂಭವಾಗುವುದೇ ಚಂಡಮಾರಿಯ ಜಾತ್ರೆಯಲ್ಲಿ. ವಸಂತದ ಸಂಭ್ರಮ, ಬಲಿಗಾಗಿ ಕಟ್ಟಿಹಾಕಿದ ಪ್ರಾಣಿಗಳು, ಕತ್ತಿ ಹಿಡಿದು ನಿಂತ ಮಾರಿದತ್ತ ಮಹಾರಾಜ. ನರಬಲಿಗೆಂದು ಎಳೆದು ತಂದ ಇಬ್ಬರು ಎಳೆಯರು. ಅಭಯರುಚಿ, ಅಭಯಮತಿಯರೆಂಬ ಆ ಅಣ್ಣತಂಗಿಯರು ಸಾವಿನ ಎದುರಿನಲ್ಲಿ ನಿಂತು ತಮ್ಮ ಜನ್ಮಾಂತರಗಳ ಕಥೆಯನ್ನು ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ಕೊಯ್ದ ಸಂಕಲ್ಪಹಿಂಸೆಯೊಂದೇ ಎಷ್ಟು ಜನ್ಮಗಳ ನೋವಿಗೆ ಕಾರಣವಾಯಿತೆಂಬುದನ್ನು ಕೇಳಿ ಅರಸನ ಕೈಯ ಕತ್ತಿ ಕೆಳಗಿಳಿಯುತ್ತದೆ. ಭಯವನ್ನು ಹುಟ್ಟಿಸಿ, ಆ ಭಯವನ್ನೇ ಕರುಣೆಗೆ ತಿರುಗಿಸುವ ಈ ಕ್ರಮವನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

ಜನ್ನನ ಚಂಡಮಾರಿಯು ಕವಿಕಲ್ಪನೆ ಮಾತ್ರವಲ್ಲ. ಬೆಳಗಾವಿ ಧಾರವಾಡ ಸೀಮೆಯ ಗ್ರಾಮದೇವತೆಯ ಜಾತ್ರೆಗಳಲ್ಲಿ ಹಿಂದೆ ಕೋಣನ ಬಲಿ ಪ್ರಧಾನವಾದ ಅಂಗವಾಗಿತ್ತು. ೧೯೫೯ರ ಪ್ರಾಣಿಬಲಿ ನಿಷೇಧದ ಕಾಯಿದೆಯು ಅದನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಆ ಬಲಿಗೆ ಕಾರಣವಾಗಿ ಹೇಳುವ ದ್ಯಾಮವ್ವನ ಕಥೆಯೂ ಕೊಲೆಯ ಕಥೆಯೇ. ಪಾಠಾಂತರಗಳು ಹಲವಿದ್ದರೂ ಸಾರವಿಷ್ಟು: ಅಸ್ಪೃಶ್ಯನೆನಿಸಿದ ಕುಲದವನೊಬ್ಬನು ತನ್ನ ಹುಟ್ಟನ್ನು ಮರೆಮಾಚಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾದನು, ಸಂಗತಿಯನ್ನು ತಿಳಿದ ಅವಳು ಕೋಪದಿಂದ ದೇವಿಯಾಗಿ ಅವನನ್ನು ಸಂಹರಿಸಿದಳು, ಜಾತ್ರೆಯ ಕೋಣನು ಆ ಗಂಡನ ಪ್ರತಿರೂಪ. ಊರೆಲ್ಲ ಸಂಭ್ರಮಿಸುವ ಹಬ್ಬದ ಗರ್ಭದಲ್ಲಿ ಒಬ್ಬ ಮನುಷ್ಯನ ಕೊಲೆಯೂ, ಅದಕ್ಕೆ ಸಮರ್ಥನೆಯೂ ಹೀಗೆ ಕುಳಿತಿವೆ.

೫

ದೈವದ ಕಥೆಯನ್ನು ಬಿಟ್ಟು ಲೋಕದ ಕಥೆಗೆ ಇಳಿದರೆ ನಮಗೆ ಎದುರಾಗುವುದು ‘ಸಂಗ್ಯಾ ಬಾಳ್ಯಾ’. ಪುರಾಣದ ವಸ್ತುವುಳ್ಳ ದೊಡ್ಡಾಟಕ್ಕೆ ಪ್ರತಿಯಾಗಿ ಸಾಮಾಜಿಕ ವಸ್ತುವುಳ್ಳ ಸಣ್ಣಾಟಗಳು ಉತ್ತರ ಕರ್ನಾಟಕದಲ್ಲಿ ಬೆಳೆದವು. ಅವುಗಳಲ್ಲಿ ಇದಕ್ಕೆ ದೊರೆತ ಪ್ರಸಿದ್ಧಿ ಅಸಾಧಾರಣವಾದುದು. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೊಂದು ಇದಕ್ಕೆ ಆಧಾರವೆಂದೂ, ಪತ್ತಾರ ಮಾಸ್ತರರು ಇದನ್ನು ಆಟವಾಗಿ ಕಟ್ಟಿದರೆಂದೂ ಪ್ರತೀತಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ೧೯೬೬ರಲ್ಲಿ ಇದರ ಪಾಠವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ನಗರದ ಹವ್ಯಾಸಿ ರಂಗಭೂಮಿಗೂ ಇದು ಪರಿಚಿತವಾಯಿತು. ೧೯೯೨ರಲ್ಲಿ ಚಲನಚಿತ್ರವೂ ಆಯಿತು.

ಕಥೆ ಎಲ್ಲರಿಗೂ ತಿಳಿದುದೇ. ಸಿರಿವಂತನಾದ ಸಂಗ್ಯಾ, ಅವನ ಬಡ ಗೆಳೆಯ ಬಾಳ್ಯಾ. ವ್ಯಾಪಾರಿ ಈರಣ್ಣನ ಹೆಂಡತಿಯಾದ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತದೆ. ಮುದುಕಿಯೊಬ್ಬಳು ನಡುವೆ ನಿಂತು ಸಂಧಾನ ನಡೆಸುತ್ತಾಳೆ. ಗುಟ್ಟು ರಟ್ಟಾಗುತ್ತದೆ. ಈರಣ್ಣನೂ ಅವನ ತಮ್ಮಂದಿರೂ ಹೊಂಚು ಹಾಕುತ್ತಾರೆ. ಪ್ರಾಣಸ್ನೇಹಿತನಾದ ಬಾಳ್ಯಾನೇ ದ್ರೋಹ ಬಗೆದು ಸಂಗ್ಯಾನನ್ನು ವೈರಿಗಳ ಕೈಗೆ ಒಪ್ಪಿಸುತ್ತಾನೆ, ಸಂಗ್ಯಾ ಹತನಾಗುತ್ತಾನೆ.

ಜಾತ್ರೆಯ ರಾತ್ರಿ ಈ ಆಟವು ಕೊಡುವ ಸುಖವನ್ನು ಮೇಲೆ ಹೇಳಿದ ನಾಲ್ಕು ಕಾರಣಗಳಿಗೆ ಹೋಲಿಸಿ ನೋಡಬಹುದು. ವೈದೃಶ್ಯವಿಲ್ಲಿಯೂ ಇದೆ: ದಪ್ಪಿನ ಪೆಟ್ಟು, ಹಿಮ್ಮೇಳದ ಇಂಪು, ಶೃಂಗಾರದ ಹಾಡು, ಹಾಸ್ಯದ ಮಾತು ಇವುಗಳ ನಡುವೆ ಕೊಲೆಯು ನಿಧಾನವಾಗಿ ಹತ್ತಿರವಾಗುತ್ತದೆ. ಒಳಗಿನ ಅಳುಕೂ ಇದೆ: ಸರಣಿಕೊಲೆಯ ಚಿತ್ರದಲ್ಲಿ ಕರೆ ಮನೆಯೊಳಗಿಂದಲೇ ಬರುವಂತೆ ಇಲ್ಲಿ ಸಾವು ಗೆಳೆತನದ ಒಳಗಿಂದಲೇ ಬರುತ್ತದೆ. ಬಾಯಿಬಿಡಲಾರದ ಸಂಕಟವೂ ಇದೆ: ಬಡವನಾದ ಗೆಳೆಯನ ಆಸೆ, ಒಂಟಿಯಾದ ಹೆಂಡತಿಯ ಬಯಕೆ, ಊರಿನವರ ಕಣ್ಣಿಗೆ ಹೆದರುವ ಗಂಡನ ಅಪಮಾನ, ಇವು ಯಾವುವೂ ಹಬ್ಬದ ಮಾತುಕತೆಯಲ್ಲಿ ಬರುವ ವಿಷಯಗಳಲ್ಲ, ಆಟದಲ್ಲಿ ಬರುತ್ತವೆ. ಕೂಡಿ ನೋಡುವ ಸುಖವಂತೂ ಹೇಳಬೇಕಾಗಿಲ್ಲ.

ಆದರೆ ಒಂದು ಮುಖ್ಯವಾದ ವ್ಯತ್ಯಾಸವಿದೆ. ಸರಣಿಕೊಲೆಯ ಚಿತ್ರದಲ್ಲಿ ‘ಯಾರು ಕೊಲ್ಲುವರು, ಯಾವಾಗ ಕೊಲ್ಲುವರು’ ಎಂಬ ಕುತೂಹಲವೇ ಬಂಡವಾಳ. ‘ಸಂಗ್ಯಾ ಬಾಳ್ಯಾ’ ನೋಡಲು ಕುಳಿತ ರೈತನಿಗೆ ಯಾರು ಸಾಯುತ್ತಾರೆಂಬುದು ಮೊದಲೇ ಗೊತ್ತು. ಅವನು ಹತ್ತಾರು ಸಲ ನೋಡಿದ್ದಾನೆ. ಗೊತ್ತಿದ್ದೂ ನೋಡುವುದರಿಂದ ಅವನ ಗಮನವು ಕೊಲೆಯ ಆಕಸ್ಮಿಕತೆಯಿಂದ ಕೊಲೆಯ ಕಾರಣದ ಕಡೆಗೆ ಹೊರಳುತ್ತದೆ. ಒಬ್ಬನೇ ಸಾಯುತ್ತಾನೆ, ಆ ಒಂದು ಸಾವಿಗೆ ಇಡೀ ರಾತ್ರಿ ಬೇಕಾಗುತ್ತದೆ.

೬

ಕೊರತೆಗಳ ವಿಚಾರಕ್ಕೆ ಬರೋಣ. ಚಿತ್ರಗಳ ಮೊದಲ ಕೊರತೆ ಪುನರುಕ್ತಿ. ಒಮ್ಮೆ ಫಲಿಸಿದ ಅಚ್ಚಿನಲ್ಲೇ ಮತ್ತೆ ಮತ್ತೆ ಎರಕ ಹೊಯ್ಯುವುದು ಇಲ್ಲಿಯ ವಾಣಿಜ್ಯಧರ್ಮ. ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಚಿತ್ರದ ೧೯೮೭ರ ಎರಡನೆಯ ಭಾಗವು ಮೊದಲ ಭಾಗದ ದೃಶ್ಯಗಳನ್ನೇ ನೆನಪಿನ ರೂಪದಲ್ಲಿ ಧಾರಾಳವಾಗಿ ತುಂಬಿಕೊಂಡುದು ಇದಕ್ಕೆ ಹಾಸ್ಯಾಸ್ಪದವಾದ ಸಾಕ್ಷಿ. ಎರಡನೆಯದು, ಹಬ್ಬವನ್ನು ಕೇವಲ ಅಲಂಕಾರವಾಗಿ ಬಳಸುವುದು. ಮರ, ದೀಪ, ಕೆಂಪು ಟೊಪ್ಪಿಗೆಗಳನ್ನು ತೆಗೆದರೂ ಕಥೆ ಬದಲಾಗದಿದ್ದರೆ, ಹಬ್ಬವು ಅಲ್ಲಿ ಜಾಹೀರಾತಿನ ಚೀಟಿಯಷ್ಟೇ.

ಮೂರನೆಯ ಕೊರತೆ ಇವೆರಡಕ್ಕಿಂತ ಗುರುತರವಾದುದು. ಸತ್ತವರು ಇಲ್ಲಿ ಮನುಷ್ಯರಾಗಿ ಉಳಿಯುವುದಿಲ್ಲ, ಎಣಿಕೆಯಾಗುತ್ತಾರೆ. ಇನ್ನೊಬ್ಬನು ಸಾಯುವ ಅವಸರದಲ್ಲಿ ಹಿಂದಿನವನಿಗಾಗಿ ಅಳಲು ಕಥೆಗೆ ಬಿಡುವಿಲ್ಲ. ‘ಬ್ಲ್ಯಾಕ್ ಕ್ರಿಸ್ಮಸ್’ ಉಳಿದವುಗಳಿಗಿಂತ ಮೇಲಾದುದು ಈ ಕಾರಣದಿಂದಲೇ. ಅದರಲ್ಲಿ ಮೊದಲು ಹತಳಾದ ಹುಡುಗಿಯನ್ನು ರಜೆಗೆ ಕರೆದೊಯ್ಯಲು ಬಂದ ತಂದೆ ಅವಳಿಗಾಗಿ ಕಾಯುತ್ತಾನೆ, ಹುಡುಕುತ್ತಾನೆ. ಆರಂಭದಲ್ಲಿ ಪೊಲೀಸರು ಆ ದೂರನ್ನು ಹಗುರವಾಗಿ ಕಾಣುತ್ತಾರೆ. ಚಿತ್ರವು ಮುಗಿದರೂ ಆ ಶವ ಅಟ್ಟದ ಮೇಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಹಂತಕನ ಹೆಸರು ತಿಳಿಯದೆ ಹೋದುದಕ್ಕಿಂತ, ಕಳೆದುಹೋದವಳನ್ನು ಯಾರೂ ಸರಿಯಾಗಿ ಹುಡುಕಲಿಲ್ಲವೆಂಬುದೇ ನೋಡುವವರ ಮನಸ್ಸನ್ನು ಕಲಕುತ್ತದೆ.

ನಾಲ್ಕನೆಯದು, ತಪ್ಪಿನ ಹೊರೆಯನ್ನು ಯಾರ ತಲೆಗೆ ಹೊರಿಸುತ್ತಾರೆಂಬುದು. ಅನೇಕ ಚಿತ್ರಗಳಲ್ಲಿ ಹಂತಕನು ಮಾನಸಿಕ ರೋಗಿ. ಹುಚ್ಚನೆಂದರೆ ಕೊಲೆಗಾರನೆಂಬ ಅನ್ಯಾಯವಾದ ಸಮೀಕರಣವು ಇದರಿಂದ ಜನಮನದಲ್ಲಿ ಬೇರೂರುತ್ತದೆ. ಸ್ವೇಚ್ಛೆಯಾಗಿ ಪ್ರೀತಿಸಿದ ತರುಣಿ ಮೊದಲು ಸಾಯುವುದೂ ಒಂದು ರೂಢಿಯಾಗಿಬಿಟ್ಟಿದೆ. ೧೯೮೪ರ ಚಿತ್ರವು ತೆರೆಗೆ ಬಂದಾಗ ಅಮೇರಿಕೆಯಲ್ಲಿ ತಂದೆತಾಯಂದಿರು ಚಿತ್ರಮಂದಿರಗಳ ಮುಂದೆ ಪ್ರತಿಭಟಿಸಿದರು; ಹಂಚಿಕೆದಾರರು ಜಾಹೀರಾತನ್ನು ನಿಲ್ಲಿಸಿ, ಕೆಲವು ವಾರಗಳಲ್ಲಿಯೇ ಚಿತ್ರವನ್ನು ಹಿಂತೆಗೆದುಕೊಂಡರು. ಆ ಗದ್ದಲದಲ್ಲಿ ಮುಂದೆ ಬಂದ ಆಕ್ಷೇಪವು ಮುಖ್ಯವಾಗಿ ಸಾಂತಾಕ್ಲಾಸನ ಕೈಗೆ ಕೊಡಲಿ ಕೊಟ್ಟುದರ ಬಗ್ಗೆ. ವೇಷಕ್ಕೆ ಆದ ಅಪಚಾರವು ಕಂಡಷ್ಟು ಸ್ಪಷ್ಟವಾಗಿ, ಆ ಚಿತ್ರದ ಮೂಲದಲ್ಲಿದ್ದ ಇನ್ನೊಂದು ಸಂಗತಿ ಕಾಣಲಿಲ್ಲವೆನ್ನಬೇಕು: ಕಣ್ಣೆದುರಿಗೆ ತಂದೆತಾಯಿಯ ಕೊಲೆಯನ್ನು ಕಂಡ ಬಾಲಕನೊಬ್ಬನಿಗೆ ಅನಾಥಾಲಯದಲ್ಲಿ ದೊರೆತುದು ಸಾಂತ್ವನವಲ್ಲ, ಶಿಕ್ಷೆ. ಅದನ್ನು ಚಿತ್ರವೂ ಕ್ರಮೇಣ ಮರೆತು ಕೊಡಲಿಯ ಹಿಂದೆ ಓಡಿತು.

ಇದೇ ಅಳತೆಗೋಲನ್ನು ನಮ್ಮ ಕಥೆಗಳಿಗೂ ಹಿಡಿಯುವುದು ನ್ಯಾಯ. ದ್ಯಾಮವ್ವನ ಕಥೆಯಲ್ಲಿ ಒಬ್ಬನ ವಂಚನೆಯ ಹೊಣೆಯನ್ನು ಒಂದು ಸಮುದಾಯದ ಮೇಲೆಯೇ ಹೊರಿಸಿ, ಪ್ರತಿ ಜಾತ್ರೆಯಲ್ಲಿಯೂ ಆ ಅಪಮಾನವನ್ನು ನೆನಪಿಸುವ ವ್ಯವಸ್ಥೆಯಾಯಿತು. ಕಾಯಿದೆಯು ಕೋಣನ ಕೊರಳನ್ನು ಉಳಿಸಬಲ್ಲುದು. ಕಥೆಯ ಒಳಗಿನ ತೀರ್ಪನ್ನು ಬದಲಿಸುವ ಶಕ್ತಿ ಕಾಯಿದೆಗಿಲ್ಲ. ಆ ಕಥೆಯನ್ನು ಕಟ್ಟಿದವರು ಯಾರು, ಯಾರ ಬಾಯಿಂದ ಅದು ನಮಗೆ ಬಂದಿದೆ ಎಂದು ಕೇಳುವುದು ಇತಿಹಾಸಕಾರನ ಕರ್ತವ್ಯ.

‘ಸಂಗ್ಯಾ ಬಾಳ್ಯಾ’ದಲ್ಲಿಯೂ ಅಪಾಯವಿಲ್ಲದಿಲ್ಲ. ಕೊಂದವರು ಮನೆತನದ ಮರ್ಯಾದೆಗಾಗಿ ಕೊಂದರೆಂಬ ಭಾವನೆ ಪ್ರೇಕ್ಷಕರಲ್ಲಿ ಮೂಡಿದರೆ, ಆಟವು ಕೊಲೆಗೆ ಪ್ರಶಸ್ತಿಪತ್ರವಾಗುತ್ತದೆ. ಮರ್ಯಾದೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನೂ ಅವರು ಮೆಚ್ಚಿದವರನ್ನೂ ಕೊಲ್ಲುವ ಅನಾಚಾರವು ದೇಶದಲ್ಲಿ ಇಂದಿಗೂ ನಿಂತಿಲ್ಲವಾದುದರಿಂದ ಇದನ್ನು ಕೇವಲ ರಸವಿಚಾರವೆಂದು ತಳ್ಳಿಹಾಕುವಂತಿಲ್ಲ. ಎಲ್ಲಕ್ಕೂ ಮೂಲ ಗಂಗಿಯ ಚಂಚಲತೆಯೆಂದೂ, ಕುಂಟಣಿತನ ಮಾಡಿದ ಮುದುಕಿಯೆಂದೂ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹೆಣ್ಣಿನ ಪಾತ್ರವನ್ನು ಬಹುಕಾಲ ಗಂಡಸರೇ ವಹಿಸುತ್ತಿದ್ದ ರಂಗದಲ್ಲಿ, ಗಂಡಸರೇ ಹೆಚ್ಚಾಗಿದ್ದ ಸಭೆಯಲ್ಲಿ ಗಂಗಿಯ ಮನಸ್ಸು ಎಷ್ಟರಮಟ್ಟಿಗೆ ತೆರೆದುಕೊಂಡಿತೆಂಬುದು ವಿಚಾರಣೀಯ. ಜನ್ನನ ಅಮೃತಮತಿಗೂ ಇದೇ ಗತಿಯಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

೭

ಹಾಗಾದರೆ ಇಂತಹ ಕಥೆಗಳನ್ನು ನಿಷೇಧಿಸಬೇಕೇ? ಹಬ್ಬದಲ್ಲಿ ಕೊಲೆಯ ಮಾತೇ ಬರಬಾರದೆನ್ನುವವರಿಗೆ ನಮ್ಮ ಸೀಮೆಯಲ್ಲಿಯೇ ಇನ್ನೊಂದು ಮಾರ್ಗ ತೆರೆದಿದೆ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನು ಬೆಳಗಿಸಿದ, ಕೌಜಲಗಿಯ ನಿಂಗಮ್ಮನು ತನ್ನ ಕಂಠದಿಂದ ನಾಡಿಗೆಲ್ಲ ಮುಟ್ಟಿಸಿದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಯಾರೂ ಸಾಯುವುದಿಲ್ಲ. ಒಂದು ಹೂವಿಗಾಗಿ ಸವತಿಯರ ನಡುವೆ ಮತ್ಸರ, ಸತ್ಯಭಾಮೆಯ ಮುನಿಸು, ಕೃಷ್ಣನ ತಂಟೆ, ನಾರದನ ಕಿತಾಪತಿ. ಕೊನೆಗೆ ಗರ್ವಭಂಗ, ಸಮಾಧಾನ. ದಾಂಪತ್ಯದ ಅಸಮಾಧಾನವೆಂಬ ಅದೇ ವಸ್ತು, ಅದೇ ಜಾತ್ರೆ, ಅದೇ ಪ್ರೇಕ್ಷಕರು. ಒಂದು ಆಟದಲ್ಲಿ ಅದು ಮಾತಿನಲ್ಲಿ ಕರಗುತ್ತದೆ, ಇನ್ನೊಂದರಲ್ಲಿ ಕೊಡಲಿಯಲ್ಲಿ ಮುಗಿಯುತ್ತದೆ. ಪಾರಿಜಾತವನ್ನು ಕಂಡು ನಕ್ಕ ಜನವೇ ಸಂಗ್ಯಾನ ಸಾವಿಗೂ ಕುಳಿತಿತು. ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕೆಂದು ಅದಕ್ಕೆ ಅನಿಸಲಿಲ್ಲ. ಬದುಕಿನಲ್ಲಿ ಮುನಿಸು ಎರಡೂ ಕಡೆಗೆ ಹರಿಯಬಲ್ಲದೆಂಬುದನ್ನು ಅದು ಬಲ್ಲುದು.

ಆದುದರಿಂದ ಕೊಲೆಯಿದೆಯೇ ಇಲ್ಲವೇ ಎಂಬುದಕ್ಕಿಂತ, ಕೊಲೆಯಾದ ಮೇಲೆ ಕಥೆಯು ಏನು ಮಾಡುತ್ತದೆಂಬುದೇ ತಕ್ಕ ಪರೀಕ್ಷೆಯೆಂದು ನಮಗೆ ತೋರುತ್ತದೆ. ಈ ಪರೀಕ್ಷೆಗೆ ಒರೆಗಲ್ಲು ಘಟಪ್ರಭೆಯ ದಡದಲ್ಲೇ ಇದೆ. ೯೪೯ರಲ್ಲಿ ಮುಧೋಳದಲ್ಲಿ ಹುಟ್ಟಿದ ರನ್ನನ ‘ಗದಾಯುದ್ಧ’ವು ರಕ್ತದ ಕಾವ್ಯ. ಹೆಣಗಳ ರಾಶಿಯ ನಡುವೆ ದುರ್ಯೋಧನನು ನಡೆದು ಬರುತ್ತಾನೆ. ಆದರೆ ಅವನು ಯಾವ ಹೆಣವನ್ನೂ ಸುಮ್ಮನೆ ದಾಟಿ ಹೋಗುವುದಿಲ್ಲ. ದ್ರೋಣನ ಮುಂದೆ ನಿಲ್ಲುತ್ತಾನೆ, ದುಶ್ಶಾಸನನ ಮುಂದೆ ನಿಲ್ಲುತ್ತಾನೆ, ಕರ್ಣನ ಮುಂದೆ ನಿಂತು ಒಡೆದುಹೋಗುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಮುಂದೆಯೂ ತಲೆಬಾಗುತ್ತಾನೆ. ಸತ್ತವರಿಗೆ ಹೆಸರಿದೆ, ಹೆಸರು ಹಿಡಿದು ಅಳುವವನಿದ್ದಾನೆ. ಆ ಅಳು ಇರುವುದರಿಂದಲೇ ಅಷ್ಟು ರಕ್ತವನ್ನು ಓದುಗನು ಸಹಿಸುತ್ತಾನೆ.

ಕ್ರಿಸ್ಮಸ್ಸಿನ ಸರಣಿಕೊಲೆಯ ಚಿತ್ರಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಒಂದೆರಡು ಮಾತ್ರ ಗೆಲ್ಲುತ್ತವೆ. ‘ಸಂಗ್ಯಾ ಬಾಳ್ಯಾ’ ಗೆಲ್ಲುವುದೋ ಸೋಲುವುದೋ ಎಂಬುದು ಆಡುವವರ ಕೈಯಲ್ಲಿದೆ. ಮೇಳದಿಂದ ಮೇಳಕ್ಕೆ ಪಾಠ ಬದಲಾಗುವುದು ಜಾನಪದದ ಸ್ವಭಾವ. ಗಂಗಿಗೆ ಎಷ್ಟು ಮಾತು ಕೊಡಬೇಕು, ಸಂಗ್ಯಾ ಬಿದ್ದ ಮೇಲೆ ಹಿಮ್ಮೇಳ ಎಷ್ಟು ಹೊತ್ತು ಹಾಡಬೇಕು, ಬಾಳ್ಯಾ ಪಶ್ಚಾತ್ತಾಪ ಪಡಬೇಕೇ ಎಂಬುದನ್ನು ಆಯಾ ಮೇಳವೇ ನಿರ್ಧರಿಸುತ್ತದೆ. ಮುದ್ರಿತವಾದ ಒಂದು ಪಾಠದಿಂದ ಮಾತ್ರ ಈ ಆಟವನ್ನು ಅಳೆಯುವುದು ಸಾಲದು. ಹುಕ್ಕೇರಿ, ಗೋಕಾಕ, ಮೂಡಲಗಿ, ಬೈಲಹೊಂಗಲಗಳ ಹಿರಿಯ ಕಲಾವಿದರು ಹಾಡುವ ಪಾಠಗಳನ್ನು ಧ್ವನಿಮುದ್ರಿಸಿ, ಕೊಲೆಯ ಪ್ರಸಂಗವನ್ನೂ ಅದರ ನಂತರದ ಹಾಡುಗಳನ್ನೂ ಒಂದಕ್ಕೊಂದು ಹೋಲಿಸುವ ಕಾರ್ಯವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೊಂಡರೆ ಒಳ್ಳೆಯ ಪ್ರಬಂಧವಾದೀತು. ಮೊಬೈಲಿನ ಪರದೆಯ ಮೇಲೆ ಪರದೇಶದ ಹಬ್ಬದ ಕೊಲೆಗಳನ್ನು ನೋಡುವ ತರುಣರಿಗೆ ಅದನ್ನು ನೋಡಬೇಡಿರೆಂದು ಹೇಳುವುದರಿಂದ ಫಲವಿಲ್ಲ. ನೋಡಿ ಮುಗಿದ ಮೇಲೆ ಸತ್ತವರ ಹೆಸರುಗಳನ್ನು ಹೇಳಿರೆಂದು ಕೇಳಬಹುದು. ಹೇಳಲು ಬಂದರೆ ಆ ಕಥೆ ಅವರೊಳಗೆ ಏನನ್ನೋ ಉಳಿಸಿದೆಯೆಂದು ಅರ್ಥ. ಬಾರದಿದ್ದರೆ ಆ ಚಿತ್ರದ ಕೊರತೆಯನ್ನು ಅವರೇ ಕಂಡುಕೊಂಡಂತಾಗುತ್ತದೆ.